ಚಿತ್ರದುರ್ಗ–ದಾವಣಗೆರೆ ಸೀಮೆಯನ್ನು ವಿದೇಶಿ ಉದ್ಯಮಗಳಿಗೆ ಪರಿಚಯಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಹೊರದೇಶದ ಖರೀದಿದಾರರಿಗೋ ಹೂಡಿಕೆದಾರರಿಗೋ ನಮ್ಮ ಸೀಮೆಯನ್ನು ಪರಿಚಯಿಸುವ ಸಂದರ್ಭ ಬಂದಾಗಲೆಲ್ಲ ಕೋಟೆಯ ಚಿತ್ರವಿರುವ ಬಣ್ಣದ ಪುಸ್ತಿಕೆಯೊಂದು ಅಚ್ಚಾಗುತ್ತದೆ. ಅದರಲ್ಲಿ ಗಾಳಿಯಂತ್ರ, ಶೇಂಗಾ, ಮೆಕ್ಕೆಜೋಳ, ಬೆಣ್ಣೆದೋಸೆ ಎಲ್ಲವೂ ಇರುತ್ತವೆ. ವಿಪುಲ ಅವಕಾಶಗಳಿವೆ ಎಂಬ ಮಾತೂ ಇರುತ್ತದೆ. ಅದನ್ನು ಓದಿದ ಖರೀದಿದಾರರು ‘ನಿಮ್ಮ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ (ಬೂಷ್ಟಿನಿಂದ ಹುಟ್ಟುವ ವಿಷ) ಪ್ರಮಾಣ ಎಷ್ಟು, ತಿಂಗಳಿಗೆ ಎಷ್ಟು ಕಂಟೇನರ್ ಕೊಡಬಲ್ಲಿರಿ’ ಎಂದು ಪತ್ರ ಬರೆದರೆ ಉತ್ತರಿಸಬೇಕಾದವರು ಯಾರೆಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಪ್ರಚಾರದ ಕೆಲಸ ಆ ಉತ್ತರದಿಂದಲೇ ಶುರುವಾಗಬೇಕು, ಪುಸ್ತಿಕೆ ಆಮೇಲೆ ಬಂದರೂ ನಷ್ಟವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಾಣಿಜ್ಯ ಸಂಘಗಳ ಪದಾಧಿಕಾರಿಗಳು, ರೈತ ಉತ್ಪಾದಕ ಕಂಪನಿಗಳ ನಿರ್ದೇಶಕರು, ಎಣ್ಣೆ ಮಿಲ್ಲು ಮತ್ತು ಗಾರ್ಮೆಂಟ್ಸ್ ನಡೆಸುವವರು, ಹೋಟೆಲ್ ಮತ್ತು ಹೋಂಸ್ಟೇ ಮಾಲೀಕರು, ಈ ಕ್ಷೇತ್ರಕ್ಕೆ ಬರಬೇಕೆಂದಿರುವ ಯುವಕ ಯುವತಿಯರು ಮುಂದಿನ ಹಂತಗಳನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ಬಳಸಿಕೊಳ್ಳಬಹುದು. ಸರ್ಕಾರದ ಆದೇಶ ಬರಲೆಂದು ಕಾಯಬೇಕಾದ ಕೆಲಸ ಇದರಲ್ಲಿ ಹೆಚ್ಚಿಲ್ಲ.

ಮೊದಲ ಹಂತ: ಎರಡು ಜಿಲ್ಲೆಗಳನ್ನು ಒಂದೇ ಸೀಮೆಯೆಂದು ತೋರಿಸಿ

ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚೆ ಅದು ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಆಡಳಿತಕ್ಕೆ ಗಡಿ ಬೇಕು ನಿಜ, ಆದರೆ ಜರ್ಮನಿಯಲ್ಲೋ ಜಪಾನಿನಲ್ಲೋ ಕುಳಿತು ನಕ್ಷೆ ನೋಡುವವರಿಗೆ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ, ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ದೂರದಲ್ಲಿ ಒಂದು ಊರು, ಸುಮಾರು 260 ಕಿಲೋಮೀಟರ್ ದೂರದಲ್ಲಿ ಇನ್ನೊಂದು ಊರು ಕಾಣುತ್ತವೆ, ಅಷ್ಟೆ. ಒಂದರಲ್ಲಿ ಕೋಟೆ, ಗಾಳಿ, ಖನಿಜ ಮತ್ತು ಎಣ್ಣೆಬೀಜ ಇವೆ. ಇನ್ನೊಂದರಲ್ಲಿ ಭದ್ರಾ ನಾಲೆಯ ನೀರು, ದೊಡ್ಡ ಮಾರುಕಟ್ಟೆ, ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳು, ಬಟ್ಟೆ ಉದ್ಯಮದ ಹಳೆಯ ಅನುಭವ ಇವೆ. ಎರಡನ್ನೂ ಸೇರಿಸಿ ಹೇಳಿದಾಗ ಹೂಡಿಕೆದಾರರಿಗೆ ಪೂರ್ಣ ಚಿತ್ರ ಸಿಗುತ್ತದೆ. ಹಾಗಾಗಿ ಎರಡೂ ಜಿಲ್ಲೆಗಳ ವಾಣಿಜ್ಯ ಸಂಘಗಳು ಕೂಡಿ ಒಂದು ಚಿಕ್ಕ ಕೂಟ ಮಾಡಿಕೊಳ್ಳುವುದು ಒಳ್ಳೆಯದು. ಏಳೆಂಟು ಜನರಿಗಿಂತ ಹೆಚ್ಚು ಬೇಡ. ಬಂದ ಪತ್ರಕ್ಕೆ ಎರಡು ಕೆಲಸದ ದಿನಗಳೊಳಗೆ ಉತ್ತರ ಬರೆಯುವ ಹೊಣೆಯನ್ನು ಅವರಲ್ಲಿ ಒಬ್ಬರಿಗೆ ಹೆಸರು ಹೇಳಿಯೇ ವಹಿಸಬೇಕು.

ಎರಡನೇ ಹಂತ: ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು

ಎಲ್ಲವನ್ನೂ ತೋರಿಸುವ ಆಸೆಯನ್ನು ಇಲ್ಲಿಯೇ ಬಿಡಬೇಕು. ಮೂರು ನಾಲ್ಕು ವಿಷಯಗಳನ್ನು ಆರಿಸಿಕೊಂಡು ಪ್ರತಿಯೊಂದಕ್ಕೂ ಯಾವ ದೇಶದ ಯಾವ ಬಗೆಯ ಕಂಪನಿ ಆಸಕ್ತಿ ತೋರಬಹುದು ಎಂದು ಬರೆದುಕೊಳ್ಳಿ.

ಚಳ್ಳಕೆರೆಯ ಶೇಂಗಾ ಮತ್ತು ಎಣ್ಣೆ ಮಿಲ್ಲುಗಳು ಸಹಜವಾಗಿ ಮೊದಲು ಬರುತ್ತವೆ. ಆ ಊರಿಗೆ ತೈಲನಗರಿ ಎಂಬ ಹೆಸರು ಬಂದದ್ದೇ ಅವುಗಳಿಂದ. ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಕೇಂದ್ರ ಯೋಜನೆಯಡಿ ಚಿತ್ರದುರ್ಗ ಜಿಲ್ಲೆಗೆ ಗೊತ್ತುಮಾಡಿದ ಉತ್ಪನ್ನವೂ ಶೇಂಗಾವೇ ಆಗಿರುವುದರಿಂದ ಘಟಕ ಹಾಕುವವರಿಗೆ ಸಹಾಯಧನದ ದಾರಿಯೂ ಇದೆ. ದಾವಣಗೆರೆಯ ಮೆಕ್ಕೆಜೋಳ ಎರಡನೆಯದು. ಭಾರತದಲ್ಲಿ ಕುಲಾಂತರಿ ಮೆಕ್ಕೆಜೋಳದ ವಾಣಿಜ್ಯ ಬೇಸಾಯಕ್ಕೆ ಅನುಮತಿಯಿಲ್ಲ. ಕುಲಾಂತರಿಯಲ್ಲದ ಕಾಳನ್ನೇ ಹುಡುಕುವ ಪಿಷ್ಟ ಮತ್ತು ಆಹಾರ ಕಂಪನಿಗಳಿಗೆ ಇದು ದೊಡ್ಡ ಆಕರ್ಷಣೆ. ಆದರೆ ಈಚಿನ ವರ್ಷಗಳಲ್ಲಿ ಎಥೆನಾಲ್ ಘಟಕಗಳೂ ಕೋಳಿ ಆಹಾರದ ಘಟಕಗಳೂ ಇದೇ ಕಾಳಿಗೆ ಪೈಪೋಟಿ ನಡೆಸುತ್ತಿರುವುದರಿಂದ ನಮ್ಮ ದರ ಅಂತರರಾಷ್ಟ್ರೀಯ ದರಕ್ಕಿಂತ ಮೇಲೆ ಹೋಗುವುದುಂಟು. ಕಾಳನ್ನು ಹಾಗೆಯೇ ಕಳಿಸುವ ಮಾತಿಗಿಂತ, ಪಿಷ್ಟ ಅಥವಾ ತಿನಿಸು ಮಾಡುವ ಘಟಕವನ್ನು ಇಲ್ಲಿಯೇ ಹಾಕಿ ಎಂದು ಕರೆಯುವುದು ಹೆಚ್ಚು ಫಲ ಕೊಡುತ್ತದೆ.

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ವಿದೇಶದಲ್ಲಿ ಸೀರೆ ಉಡುವವರು ಕಡಿಮೆ. ಅದೇ ಮಗ್ಗದಲ್ಲಿ ಅದೇ ಅಂಚಿನ ವಿನ್ಯಾಸದಲ್ಲಿ ಶಾಲು, ಮೆತ್ತೆಗವಸು, ಗೋಡೆಗೆ ತೂಗುಹಾಕುವ ಬಟ್ಟೆ ನೇಯಬಹುದೇ ಎಂದು ನೇಕಾರರನ್ನೇ ಕೇಳಿ, ಅವರು ಒಪ್ಪಿದ್ದನ್ನು ಮಾತ್ರ ಪಟ್ಟಿಗೆ ಸೇರಿಸಿ. ಕೈಮಗ್ಗದಲ್ಲಿ ಒಂದು ತುಂಡು ನೇಯಲು ಎಷ್ಟು ದಿನ ಬೇಕೆಂಬುದು ತಿಳಿಯದೆ ಸಾವಿರ ತುಂಡುಗಳ ಆರ್ಡರಿಗೆ ಒಪ್ಪಿಕೊಂಡರೆ, ಗಡುವಿನ ಹೊತ್ತಿಗೆ ಪವರ್‌ಲೂಮ್ ಬಟ್ಟೆ ನುಸುಳಿ ಎಲ್ಲರ ಹೆಸರೂ ಕೆಡುತ್ತದೆ. ನಾಲ್ಕನೆಯದು ಗಾಳಿವಿದ್ಯುತ್. ಜೋಗಿಮಟ್ಟಿಯ ಸಾಲಿನಲ್ಲಿ, ಹೊಸದುರ್ಗದ ಬೆಟ್ಟಗಳ ಮೇಲೆ ಬಹಳ ವರ್ಷಗಳಿಂದ ಗಾಳಿಯಂತ್ರಗಳು ತಿರುಗುತ್ತಿವೆ. ಹಳೆಯ, ಕಡಿಮೆ ಸಾಮರ್ಥ್ಯದ ಯಂತ್ರ ಇಳಿಸಿ ಅದೇ ಜಾಗದಲ್ಲಿ ಹೊಸದನ್ನು ನಿಲ್ಲಿಸುವ ಕೆಲಸ, ರೆಕ್ಕೆಗಳ ದುರಸ್ತಿ, ತಂತ್ರಜ್ಞರ ತರಬೇತಿ ಇವುಗಳಲ್ಲಿ ವಿದೇಶಿ ಕಂಪನಿಗಳಿಗೂ ನಮ್ಮ ಐಟಿಐ ಹುಡುಗರಿಗೂ ಸಮಾನವಾದ ಲಾಭವಿದೆ.

ತೋರಿಸಬಾರದ ವಿಷಯಗಳಲ್ಲಿ ಅಡಿಕೆಯ ಬಗ್ಗೆ ಬಿಚ್ಚಿ ಹೇಳಲೇಬೇಕು. ಚನ್ನಗಿರಿ ಸೀಮೆಯ ಆರ್ಥಿಕತೆ ನಿಂತಿರುವುದೇ ಅಡಿಕೆಯ ಮೇಲೆ, ಅದರ ಬಗ್ಗೆ ನನಗೆ ಗೌರವವಿದೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿರುವಾಗ, ಪಾಶ್ಚಾತ್ಯ ದೇಶಗಳ ಮುಂದೆ ಅದನ್ನು ಹೆಮ್ಮೆಯ ಉತ್ಪನ್ನವೆಂದು ಇಡುವುದು ಜಾಣತನವಲ್ಲ. ಅಡಿಕೆ ಹಾಳೆಯ ತಟ್ಟೆಗಳಿಗೂ ಈಗ ಅಡ್ಡಿ ಬಂದಿದೆ. ಹಾಳೆಯಲ್ಲಿರುವ ಆಲ್ಕಲಾಯ್ಡ್ ಎಂಬ ಸಸ್ಯ ರಾಸಾಯನಿಕಗಳು ಆಹಾರಕ್ಕೆ ಸೇರಬಹುದೆಂಬ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಅವುಗಳ ವಿರುದ್ಧ ಆಮದು ಎಚ್ಚರಿಕೆ ಹೊರಡಿಸಿತು. ಇದು ತಿಳಿಯದೆ ಅಲ್ಲಿಯ ಖರೀದಿದಾರರಿಗೆ ತಟ್ಟೆಯ ಮಾದರಿ ಕಳಿಸಿದರೆ ಮಾಲೂ ಹೋಗುತ್ತದೆ, ನಮ್ಮ ಉಳಿದ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ. ಯಾವ ಉತ್ಪನ್ನವೇ ಆಗಲಿ, ಪಟ್ಟಿಗೆ ಸೇರಿಸುವ ಮುನ್ನ ಕೊಳ್ಳುವ ದೇಶದ ನಿಯಮ ನೋಡಿಕೊಳ್ಳುವುದನ್ನು ಕಡ್ಡಾಯವೆಂದು ಭಾವಿಸಿ.

ಮೂರನೇ ಹಂತ: ಉತ್ತರಗಳ ಕಡತ ಸಿದ್ಧಪಡಿಸಿ

ಹೂಡಿಕೆದಾರರು ಮೊದಲು ಕೇಳುವುದು ಜಾಗ, ನೀರು, ವಿದ್ಯುತ್, ಸಾಗಣೆ ಮತ್ತು ಕೆಲಸಗಾರರ ಬಗ್ಗೆ. ಒಂದೊಂದಕ್ಕೂ ಒಂದು ಪುಟ ಸಾಕು, ಆದರೆ ಆ ಪುಟದ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದನ್ನು ಯಾವ ಕಚೇರಿಯಿಂದ, ಯಾವ ದಿನಾಂಕದಂದು ಪಡೆದದ್ದೆಂದು ಬರೆದಿರಬೇಕು.

ಜಾಗದ ವಿಷಯದಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಪ್ರದೇಶಗಳನ್ನೇ ಮುಂದಿಡಿ. ದಾವಣಗೆರೆಯ ಕರೂರು, ಹರಿಹರ, ಹಿರಿಯೂರು ತಾಲ್ಲೂಕಿನ ಐಮಂಗಲ ಇವುಗಳಲ್ಲಿ ಖಾಲಿ ನಿವೇಶನ ಎಷ್ಟಿದೆ, ರಸ್ತೆ ಮತ್ತು ಚರಂಡಿ ಆಗಿದೆಯೇ ಎಂಬುದನ್ನು ಸ್ವತಃ ಹೋಗಿ ನೋಡಿ, ಫೋಟೊ ತೆಗೆದು ಕಡತಕ್ಕೆ ಸೇರಿಸಿ. ಕಣ್ಣಿಗೆ ಬಯಲಾಗಿ ಕಂಡ ನೆಲವನ್ನೆಲ್ಲ ಲಭ್ಯವೆಂದು ಬರೆಯುವ ಆತುರ ಬೇಡ. ಚಳ್ಳಕೆರೆ ಸುತ್ತಿನ ಅಮೃತಮಹಲ್ ಕಾವಲುಗಳು, ಅಂದರೆ ಆ ತಳಿಯ ದನಗಳಿಗೆಂದು ಹಿಂದೆ ಮೀಸಲಿಟ್ಟ ಹುಲ್ಲುಗಾವಲುಗಳು, ಹೊರಗಿನವರಿಗೆ ಬಂಜರಿನಂತೆ ಕಾಣುತ್ತವೆ, ಆದರೆ ತಲೆಮಾರುಗಳಿಂದ ಕುರಿಗಾಹಿಗಳು ಅವುಗಳನ್ನೇ ನಂಬಿಕೊಂಡಿದ್ದಾರೆ, ಅಲ್ಲಿಯ ಕಂಬಳಿ ನೇಯ್ಗೆಗೂ ಆ ಹುಲ್ಲೇ ಆಧಾರ. ವಿಜ್ಞಾನ ನಗರಿಗೆಂದು ಕುದಾಪುರದ ಸುತ್ತ ಕಾವಲು ಭೂಮಿಯನ್ನು ಕೊಟ್ಟಾಗ ಹೋರಾಟ ನಡೆದು, ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿತ್ತು. ಇಂಥ ಭೂಮಿಯನ್ನು ತೋರಿಸಿ ಕರೆತಂದ ಹೂಡಿಕೆದಾರರು ಮೊದಲ ವರ್ಷವನ್ನು ನ್ಯಾಯಾಲಯದಲ್ಲಿಯೇ ಕಳೆಯಬೇಕಾಗುತ್ತದೆ.

ನೀರಿನ ಪುಟವನ್ನು ಬರೆಯುವಾಗ ಅತಿ ಹೆಚ್ಚು ಪ್ರಾಮಾಣಿಕತೆ ಬೇಕು. ಹಿರಿಯೂರಿನ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣಗೊಂಡ ಅಣೆಕಟ್ಟು, ಅದರ ಸಾಮರ್ಥ್ಯ 30 ಟಿಎಂಸಿ. ಅದು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಈ ಒಂದು ಮಾತಿನಲ್ಲಿಯೇ ನಮ್ಮ ಜಿಲ್ಲೆಯ ಮಳೆಯ ಕಥೆಯೆಲ್ಲ ಇದೆ. ನೀರು ಹೆಚ್ಚು ಬೇಕಾದ ಬಣ್ಣಗಾರಿಕೆ, ಕಾಗದ, ಮದ್ಯಸಾರದಂಥ ಉದ್ಯಮಗಳನ್ನು ಚಳ್ಳಕೆರೆಗೋ ಮೊಳಕಾಲ್ಮೂರಿಗೋ ಕರೆಯುವುದು ಆ ಉದ್ಯಮಕ್ಕೂ ಅನ್ಯಾಯ, ಕುಡಿಯುವ ನೀರಿಗೆ ಸಾಲು ನಿಲ್ಲುವ ಊರಿಗೂ ಅನ್ಯಾಯ. ಭದ್ರಾ ಮೇಲ್ದಂಡೆ ಯೋಜನೆಯ ನೀರನ್ನು ನೆಚ್ಚಿ ಯಾರಿಗೂ ದಿನಾಂಕ ಕೊಡಬೇಡಿ. ಇಂದು ಯಾವ ಮೂಲದಿಂದ ಎಷ್ಟು ನೀರು ಸಿಗುತ್ತದೆಯೋ ಅಷ್ಟನ್ನೇ ಬರೆಯಿರಿ.

ಸಾಗಣೆಯ ಪುಟ ಸುಲಭ. ದಾವಣಗೆರೆ ಬೆಂಗಳೂರು–ಹುಬ್ಬಳ್ಳಿ ಮುಖ್ಯ ರೈಲುಮಾರ್ಗದಲ್ಲಿದೆ, ಬೆಂಗಳೂರು–ಧಾರವಾಡ ವಂದೇ ಭಾರತ್ ಇಲ್ಲಿ ನಿಲ್ಲುತ್ತದೆ. ಚಿತ್ರದುರ್ಗದಿಂದ ಹೊಸಪೇಟೆ ಕಡೆಗೆ ರಾಷ್ಟ್ರೀಯ ಹೆದ್ದಾರಿ 50 ಹೊರಡುತ್ತದೆ. ವಿಮಾನಕ್ಕೆ ಹುಬ್ಬಳ್ಳಿಯೂ, 2023ರಲ್ಲಿ ಆರಂಭವಾದ ಶಿವಮೊಗ್ಗ ನಿಲ್ದಾಣವೂ ಇವೆ; ಅಂತರರಾಷ್ಟ್ರೀಯ ಪ್ರಯಾಣಕ್ಕೆ ಬೆಂಗಳೂರೇ ಗತಿ. ಬಂದರಿಗೆ ಮಂಗಳೂರು ಮತ್ತು ಚೆನ್ನೈ ಎರಡಕ್ಕೂ ಒಂದು ಕಂಟೇನರಿನ ಬಾಡಿಗೆ ಎಷ್ಟೆಂದು ಲಾರಿ ಏಜೆಂಟರಿಂದ ಪ್ರತಿ ಮೂರು ತಿಂಗಳಿಗೊಮ್ಮೆ ಬರೆಸಿಕೊಳ್ಳಿ. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ರೈಲುಮಾರ್ಗವನ್ನು ನಿರ್ಮಾಣದಲ್ಲಿರುವ ಮಾರ್ಗವೆಂದೇ ತೋರಿಸಿ.

ನಾಲ್ಕನೇ ಹಂತ: ಕಾನೂನಿನ ಮಿತಿಗಳನ್ನು ಮೊದಲೇ ತಿಳಿದುಕೊಳ್ಳಿ

ಸಭೆಗಳಲ್ಲಿ ಉತ್ಸಾಹದಿಂದ ಆಡಿದ ಮಾತು ಆಮೇಲೆ ಕಾನೂನಿಗೆ ವಿರುದ್ಧವೆಂದು ಗೊತ್ತಾಗುವುದಕ್ಕಿಂತ ಮುಜುಗರ ಬೇರೆ ಇಲ್ಲ. ಆದ್ದರಿಂದ ಕೆಲವು ಮುಖ್ಯ ಅಂಶಗಳು ಬಾಯಿಗೆ ಬರುವಂತಿರಬೇಕು. ತಯಾರಿಕೆ, ನವೀಕರಿಸಬಹುದಾದ ಇಂಧನ, ಹೋಟೆಲ್ ಮತ್ತು ಪ್ರವಾಸೋದ್ಯಮ ಇವುಗಳಲ್ಲಿ ಸಾಮಾನ್ಯವಾಗಿ ಪೂರ್ವಾನುಮತಿಯಿಲ್ಲದೆ ಶೇಕಡ 100ರವರೆಗೆ ವಿದೇಶಿ ನೇರ ಹೂಡಿಕೆಗೆ ಅವಕಾಶವಿದೆ. ಭಾರತದೊಂದಿಗೆ ಭೂಗಡಿ ಹಂಚಿಕೊಂಡ ದೇಶಗಳ ಹೂಡಿಕೆಗೆ ಮಾತ್ರ 2020ರಿಂದ ಕೇಂದ್ರ ಸರ್ಕಾರದ ಅನುಮತಿ ಬೇಕೆಂಬ ನಿಯಮ ಬಂದಿದೆ. ವಿದೇಶಿ ಪ್ರಜೆ ಇಲ್ಲಿ ಕೃಷಿ ಭೂಮಿ ಕೊಳ್ಳುವಂತಿಲ್ಲ. ಹೊಲ ತೋಟ ತೋರಿಸಿ ಆಸೆ ಹುಟ್ಟಿಸಬೇಡಿ. ರೈತರಿಂದ ಕರಾರಿನ ಮೇಲೆ ಬೆಳೆ ಕೊಳ್ಳುವ ದಾರಿಯನ್ನು ವಿವರಿಸಿ.

ರಾಜ್ಯದ ಮಟ್ಟದಲ್ಲಿ ಯೋಜನೆಯ ಮೊತ್ತ 15 ಕೋಟಿ ರೂಪಾಯಿಯವರೆಗಿದ್ದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಏಕಗವಾಕ್ಷಿ ಸಮಿತಿಯಲ್ಲಿಯೇ ಒಪ್ಪಿಗೆ ಸಿಗುತ್ತದೆ. 15ರಿಂದ 500 ಕೋಟಿಯವರೆಗಿನವು ರಾಜ್ಯಮಟ್ಟದ ಸಮಿತಿಗೆ, ಅದಕ್ಕೂ ಮೇಲಿನವು ಉನ್ನತ ಮಟ್ಟದ ಸಮಿತಿಗೆ ಹೋಗುತ್ತವೆ. ದೊಡ್ಡ ಯೋಜನೆಗಳಿಗೆ ಕರ್ನಾಟಕ ಉದ್ಯೋಗ ಮಿತ್ರ, ಚಿಕ್ಕವಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರ, ರಫ್ತಿನ ತರಬೇತಿ ಮತ್ತು ಮಾಹಿತಿಗೆ ವಿಶ್ವೇಶ್ವರಯ್ಯ ವ್ಯಾಪಾರ ಉತ್ತೇಜನ ಕೇಂದ್ರ: ಈ ಮೂರು ಕಡೆ ಮುಖಪರಿಚಯ ಇಟ್ಟುಕೊಳ್ಳಿ. 2025ರಿಂದ 2030ರವರೆಗಿನ ಕೈಗಾರಿಕಾ ನೀತಿಯಲ್ಲಿ ತಾಲ್ಲೂಕುಗಳನ್ನು ವಲಯಗಳಾಗಿ ವಿಂಗಡಿಸಿ, ಬೆಂಗಳೂರಿನಿಂದ ಹೊರಗಿನ ಹಿಂದುಳಿದ ತಾಲ್ಲೂಕುಗಳಿಗೆ ಹೆಚ್ಚಿನ ಪ್ರೋತ್ಸಾಹ ಕೊಡಲಾಗಿದೆ. ನಿಮ್ಮ ತಾಲ್ಲೂಕು ಯಾವ ವಲಯಕ್ಕೆ ಸೇರಿದೆಯೆಂಬುದನ್ನು ಕಡತದ ಮೊದಲ ಪುಟದಲ್ಲಿಯೇ ನಮೂದಿಸಿ.

ಐದನೇ ಹಂತ: ಒಂದು ಉತ್ಪನ್ನವನ್ನು ಹೊಲದಿಂದ ಹಡಗಿನವರೆಗೆ ಅರಿಯಿರಿ

ಇಲ್ಲಿ ಶೇಂಗಾವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಯುರೋಪಿಗೆ ಕಳಿಸುವ, ನೇರವಾಗಿ ತಿನ್ನುವ ಶೇಂಗಾದಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕಿಲೋಗ್ರಾಂಗೆ 4 ಮೈಕ್ರೋಗ್ರಾಂ ಮೀರಬಾರದು. ಅದರಲ್ಲಿಯೂ ಬಿ1 ಎಂಬ ಬಗೆ 2 ಮೈಕ್ರೋಗ್ರಾಂ ದಾಟಬಾರದು. ಅಲ್ಲಿ ಮತ್ತೆ ಹಸನುಮಾಡಿ ಬಳಸುವ ಕಾಳಿಗೆ ಈ ಮಿತಿ ಒಟ್ಟು 15, ಬಿ1 ಬಗೆಗೆ 8. ಈ ವಿಷ ಒಂದು ಬಗೆಯ ಬೂಷ್ಟಿನಿಂದ ಹುಟ್ಟುತ್ತದೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದಾಗ ಅದು ಹೊಲದಲ್ಲಿಯೇ ಕಾಯಿಗೆ ಹತ್ತುತ್ತದೆ, ಮಳೆಯಾಶ್ರಯದ ಚಳ್ಳಕೆರೆ ಸೀಮೆಯಲ್ಲಿ ಆಗಾಗ ಆಗುವುದು ಇದೇ. ಕಿತ್ತ ಗಿಡವನ್ನು ಹಸಿಯಾಗಿಯೇ ಬಣವೆ ಒಟ್ಟಿದರೆ ಅದು ಹೆಚ್ಚುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ನಡೆಯುವುದು ಕಾಯಿ ಸುಲಿಯುವಾಗ. ಮಿಷನ್ನಿನಲ್ಲಿ ಕಾಳು ಒಡೆದು ಹೋಳಾಗದಿರಲೆಂದು ಕಾಯಿರಾಶಿಗೆ ನೀರು ಚಿಮುಕಿಸಿ, ರಾತ್ರಿಯಿಡೀ ಮುಚ್ಚಿಟ್ಟು, ಬೆಳಿಗ್ಗೆ ಸುಲಿಯುವ ರೂಢಿ ಇದೆ. ಕಾಳು ಇಡಿಯಾಗಿ ಬರುತ್ತದೆ, ದರವೂ ಎರಡು ಕಾಸು ಹೆಚ್ಚು ಸಿಗುತ್ತದೆ. ಆದರೆ ಆ ತೇವ ಆರುವ ಮೊದಲೇ ಕಾಳು ಚೀಲ ಸೇರಿ, ಗೋದಾಮಿನ ಬಿಸಿಯಲ್ಲಿ ಬೂಷ್ಟು ಬೆಳೆಯುತ್ತದೆ. ಮಾಲು ಬಂದರಿನಲ್ಲಿ ತಿರಸ್ಕೃತವಾದಾಗ ದೋಷವನ್ನು ರೈತರ ಮೇಲೆ ಹೊರಿಸುವವರೇ ಹೆಚ್ಚು. ಆದ್ದರಿಂದ ಕೂಟದವರು ಮಾಡಬೇಕಾದ ಮೊದಲ ಕೆಲಸವೆಂದರೆ, ನೀರು ಚಿಮುಕಿಸದೆ ಸುಲಿಯಲು ಒಪ್ಪುವ ಒಂದೆರಡು ಮಿಲ್ಲುಗಳನ್ನು ಗುರುತಿಸಿ, ಒಡೆದ ಕಾಳಿನಿಂದಾಗುವ ನಷ್ಟವನ್ನು ದರದಲ್ಲಿ ತುಂಬಿಕೊಡುವ ಏರ್ಪಾಟು ಮಾಡುವುದು. ಹೋಳನ್ನು ಎಣ್ಣೆಗೆ ಕೊಡಬಹುದು, ಚಳ್ಳಕೆರೆಯಲ್ಲಿ ಅದಕ್ಕೇನೂ ಬರವಿಲ್ಲ.

ಪರೀಕ್ಷೆಗೆ ಮಾದರಿ ತೆಗೆಯುವಾಗ ಒಂದೇ ಚೀಲದಿಂದ ಒಂದು ಬೊಗಸೆ ತೆಗೆದರೆ ಸಾಲದು. ಅಫ್ಲಾಟಾಕ್ಸಿನ್ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ನೂರಾರು ಒಳ್ಳೆಯ ಕಾಳುಗಳ ನಡುವೆ ಕೆಟ್ಟ ಕಾಳು ಒಂದೇ ಇದ್ದರೂ ಇಡೀ ಲಾಟಿನ ಫಲಿತಾಂಶ ಕೆಡುತ್ತದೆ. ಆದ್ದರಿಂದ ಲಾಟಿನ ಹಲವಾರು ಚೀಲಗಳಿಂದ ಸ್ವಲ್ಪ ಸ್ವಲ್ಪ ತೆಗೆದು, ಬೆರೆಸಿ, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೇ ಕಳಿಸಬೇಕು. ರಫ್ತಿಗೆ ಆಮದು–ರಫ್ತು ಸಂಕೇತ ಸಂಖ್ಯೆ, ಅಪೆಡಾ (ಕೇಂದ್ರದ ಕೃಷಿ ರಫ್ತು ಪ್ರಾಧಿಕಾರ) ನೋಂದಣಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತವೆ. ಖರೀದಿದಾರರು ಕಾಳಿನ ಗಾತ್ರವನ್ನು ಔನ್ಸಿಗೆ ಎಷ್ಟು ಕಾಳು ಎಂಬ ಲೆಕ್ಕದಲ್ಲಿ ಕೇಳುತ್ತಾರೆ: 50/60 ಎಂದರೆ ಒಂದು ಔನ್ಸಿನಲ್ಲಿ 50ರಿಂದ 60 ಕಾಳು. ನಮ್ಮ ಮಂಡಿಯ ಭಾಷೆಯಲ್ಲಿ ದಪ್ಪ, ಸಣ್ಣ ಎಂದರೆ ಅವರಿಗೆ ಅರ್ಥವಾಗುವುದಿಲ್ಲ. ಈ ಮಟ್ಟದ ತಿಳಿವಳಿಕೆ ಒಂದೇ ಒಂದು ಉತ್ಪನ್ನದಲ್ಲಿ ಗಳಿಸಿದ ಕೂಟಕ್ಕೆ ಎರಡನೆಯ ಉತ್ಪನ್ನ ಅಷ್ಟು ಕಷ್ಟವಾಗುವುದಿಲ್ಲ.

ಆರನೇ ಹಂತ: ಯಾರನ್ನು, ಹೇಗೆ ತಲುಪುವುದು

ಬೆಂಗಳೂರಿನಲ್ಲಿ ಜರ್ಮನಿ, ಜಪಾನ್, ಫ್ರಾನ್ಸ್, ಇಸ್ರೇಲ್ ಮೊದಲಾದ ದೇಶಗಳ ದೂತ ಕಚೇರಿಗಳಿವೆ. ವ್ಯಾಪಾರ ವಿಭಾಗದ ಅಧಿಕಾರಿಗಳಿಗೆ ಒಂದು ಪುಟದ ಪತ್ರ ಬರೆದು ಭೇಟಿ ಕೋರಬಹುದು. ಹಾಗೆಯೇ ವಿದೇಶಗಳಲ್ಲಿರುವ ಭಾರತದ ರಾಯಭಾರ ಕಚೇರಿಗಳಲ್ಲಿ ವಾಣಿಜ್ಯ ವಿಭಾಗಗಳಿದ್ದು, ಅಲ್ಲಿಯ ಆಮದುದಾರರ ಬಗ್ಗೆ ಮಾಹಿತಿ ಕೇಳಿದರೆ ಸ್ಪಂದಿಸುತ್ತವೆ. ಈ ಸೌಲಭ್ಯವನ್ನು ನಮ್ಮ ಭಾಗದವರು ಬಳಸಿಕೊಳ್ಳುವುದು ತೀರ ಕಡಿಮೆ. ದಾವಣಗೆರೆಯ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ಓದಿ ಹೊರದೇಶಗಳಲ್ಲಿ ನೆಲೆಸಿದವರು ಬೇಕಾದಷ್ಟು ಜನರಿದ್ದಾರೆ. ಅವರಿಂದ ಬಂಡವಾಳ ಕೇಳುವುದಕ್ಕೆ ಮೊದಲು ಪರಿಚಯ ಕೇಳಿ; ಅಲ್ಲಿಯ ಅಂಗಡಿಯಲ್ಲಿ ಶೇಂಗಾ ಪೊಟ್ಟಣದ ಮೇಲೆ ಏನು ಬರೆದಿರುತ್ತಾರೆ, ಬೆಲೆ ಎಷ್ಟು ಎಂದು ಫೋಟೊ ತೆಗೆದು ಕಳಿಸಿದರೂ ದೊಡ್ಡ ಉಪಕಾರ.

ವಸ್ತುಪ್ರದರ್ಶನಗಳಲ್ಲಿ ಆಹಾರಕ್ಕೆ ದುಬೈನ ಗಲ್ಫುಡ್ ಮತ್ತು ಕಲೋನಿನ ಅನುಗಾ, ಪ್ರವಾಸೋದ್ಯಮಕ್ಕೆ ಬರ್ಲಿನ್ನಿನ ಐಟಿಬಿ ಹೆಸರಾದವು. ಮೊದಲ ವರ್ಷವೇ ಮಳಿಗೆ ಹಿಡಿಯುವ ಖರ್ಚು ಬೇಡವೆಂಬುದು ನನ್ನ ಸಲಹೆ. ಇಬ್ಬರು ನೋಡುಗರಾಗಿ ಹೋಗಿ, ಬೇರೆಯವರು ಏನು ತೋರಿಸುತ್ತಾರೆಂದು ನೋಡಿ ಬರಲಿ. ಬೆಂಗಳೂರಿನಲ್ಲಿ ನಡೆಯುವ ಇನ್ವೆಸ್ಟ್ ಕರ್ನಾಟಕದಂಥ ಸಮಾವೇಶಗಳಲ್ಲಿ ವಿದೇಶಿ ನಿಯೋಗಗಳು ಮನೆಬಾಗಿಲಿಗೇ ಬಂದಂತೆ. ಅಲ್ಲಿಂದ ಚಿತ್ರದುರ್ಗಕ್ಕೆ ಕೆಲವೇ ಗಂಟೆಗಳ ದಾರಿ. ಒಂದು ದಿನದ ಭೇಟಿಗೆ ಆಹ್ವಾನಿಸುವ ಪತ್ರವನ್ನು ಸಮಾವೇಶಕ್ಕೆ ಎರಡು ತಿಂಗಳ ಮೊದಲೇ ಕಳಿಸಬೇಕು.

ಪತ್ರದ ಮಾತು ಚಿಕ್ಕದಿರಲಿ. ನಾವು ಯಾರು, ಏನನ್ನು ಎಷ್ಟು ಪ್ರಮಾಣದಲ್ಲಿ ಕೊಡಬಲ್ಲೆವು, ಯಾವ ಪರೀಕ್ಷೆಯ ಫಲಿತಾಂಶ ನಮ್ಮಲ್ಲಿದೆ, ಮುಂದೆ ಯಾರನ್ನು ಸಂಪರ್ಕಿಸಬೇಕು ಎಂಬಿಷ್ಟು ಸಾಕು. ‘ವಿಶ್ವದರ್ಜೆಯ’, ‘ಅಪ್ರತಿಮ’ ಎಂಬಂಥ ವಿಶೇಷಣಗಳನ್ನು ಹೊಡೆದುಹಾಕಿ ಆ ಜಾಗದಲ್ಲಿ ಒಂದು ಸಂಖ್ಯೆ ಬರೆಯಿರಿ. ಇಂಗ್ಲಿಷಿನಲ್ಲಿ ಬರೆದ ಪತ್ರಕ್ಕೆ ಜಪಾನಿ ಅಥವಾ ಜರ್ಮನ್ ಅನುವಾದವನ್ನು ಲಗತ್ತಿಸುವುದಾದರೆ ಆ ಭಾಷೆ ಬಲ್ಲವರಿಂದಲೇ ಮಾಡಿಸಿ. ಮೊಬೈಲಿನ ಅನುವಾದವನ್ನು ಹಾಗೆಯೇ ಕಳಿಸುವುದು ಬೇಡ.

ಏಳನೇ ಹಂತ: ಅತಿಥಿಗಳು ಬಂದ ದಿನ

ವ್ಯಾಪಾರದ ಮಾತುಕತೆಗೆ ಬರುವವರು ಬಿಸಿನೆಸ್ ವೀಸಾದಲ್ಲಿಯೇ ಬರಬೇಕೆಂದು ಆಹ್ವಾನಪತ್ರದಲ್ಲಿ ತಿಳಿಸಿ. ಅವರು ತಂಗುವ ಹೋಟೆಲ್ ಅಥವಾ ಹೋಂಸ್ಟೇಯವರು ವಿದೇಶಿ ಅತಿಥಿಯ ವಿವರವನ್ನು 24 ಗಂಟೆಯೊಳಗೆ ವಲಸೆ ಇಲಾಖೆಯ ಜಾಲತಾಣದಲ್ಲಿ ಸಲ್ಲಿಸಬೇಕು. ಸಿ ಫಾರ್ಮ್ ಎಂದು ರೂಢಿಯಲ್ಲಿರುವ ಈ ಕೆಲಸ ಗೊತ್ತಿಲ್ಲದ ಕಾರಣಕ್ಕೇ ಚಿಕ್ಕ ಊರುಗಳ ಲಾಡ್ಜುಗಳು ವಿದೇಶಿಯರಿಗೆ ಕೊಠಡಿ ಇಲ್ಲವೆಂದು ಹೇಳಿ ಕಳಿಸುವುದುಂಟು. ಅತಿಥಿಗಳು ಬರುವ ಮೊದಲೇ ಹೋಟೆಲಿನವರ ನೋಂದಣಿ ಮಾಡಿಸಿ, ಸ್ವಾಗತ ಮೇಜಿನ ಸಿಬ್ಬಂದಿಗೆ ಒಮ್ಮೆ ಅದನ್ನು ಭರ್ತಿಮಾಡಿ ತೋರಿಸಿದರೆ ಆ ಸಮಸ್ಯೆ ತೀರುತ್ತದೆ.

ಕಾರ್ಯಕ್ರಮದಲ್ಲಿ ಸನ್ಮಾನ, ಹಾರ, ಪೇಟ, ದೀರ್ಘ ಭಾಷಣಗಳಿಗೆ ಹತ್ತು ನಿಮಿಷಕ್ಕಿಂತ ಹೆಚ್ಚು ಸಮಯ ಕೊಡಬೇಡಿ. ಅವರು ನೋಡಲು ಬಂದದ್ದು ಮಿಲ್ಲು, ಗೋದಾಮು, ಮಗ್ಗ ಮತ್ತು ಅಲ್ಲಿ ದುಡಿಯುವವರನ್ನು. ಮಿಲ್ಲಿನಲ್ಲಿ ಆ ದಿನ ಕೆಲಸ ನಡೆಯುತ್ತಿರಬೇಕು. ಗುಡಿಸಿ ಸಾರಿಸಿ ಯಂತ್ರ ನಿಲ್ಲಿಸಿಟ್ಟ ಮಿಲ್ಲನ್ನು ನೋಡಿ ಅವರಿಗೆ ಏನೂ ತಿಳಿಯುವುದಿಲ್ಲ. ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ‘ನಾಳೆ ಸಂಜೆಯೊಳಗೆ ಬರೆದು ತಿಳಿಸುತ್ತೇವೆ’ ಎಂದು ಹೇಳಿ ಬರೆದುಕೊಳ್ಳಿ. ಊಟಕ್ಕೆ ಬೆಣ್ಣೆದೋಸೆ ಇರಲಿ, ಮಂಡಕ್ಕಿಯೂ ಇರಲಿ, ಆದರೆ ಖಾರ ಕಡಿಮೆ ಮಾಡಿದ ಒಂದೆರಡು ಪದಾರ್ಥ ಮತ್ತು ಸೀಲ್ ಮಾಡಿದ ಕುಡಿಯುವ ನೀರು ಮರೆಯಬಾರದು. ಚಳ್ಳಕೆರೆ ಕಡೆ ಕರೆದೊಯ್ಯುವಾಗ ರಕ್ಷಣಾ ಮತ್ತು ಅಣು ಸಂಶೋಧನಾ ಸಂಸ್ಥೆಗಳ ಆವರಣದ ಬಳಿ ಫೋಟೊ, ಡ್ರೋನ್ ಬಳಸಬಾರದೆಂದು ವಾಹನ ಹತ್ತುವ ಮುನ್ನವೇ ಹೇಳಿಬಿಡಿ.

ಎಂಟನೇ ಹಂತ: ಪ್ರವಾಸೋದ್ಯಮಕ್ಕೆ ದಾರಿಯಲ್ಲಿ ಹೋಗುವವರನ್ನೇ ನಿಲ್ಲಿಸಿ

ಹಂಪಿಗೆ ಬೆಂಗಳೂರಿನಿಂದ ರಸ್ತೆಯಲ್ಲಿ ಹೋಗುವ ವಿದೇಶಿ ಪ್ರವಾಸಿಗರಲ್ಲಿ ಬಹುಪಾಲು ಜನ ಚಿತ್ರದುರ್ಗದ ಪಕ್ಕದಲ್ಲಿಯೇ ಹಾದುಹೋಗುತ್ತಾರೆ. ಇವರನ್ನು ಅರ್ಧ ದಿನ ನಿಲ್ಲಿಸುವುದು ಹೊಸ ಪ್ರವಾಸಿಗರನ್ನು ಹುಡುಕುವುದಕ್ಕಿಂತ ಸುಲಭ. ಹಾಗಾಗಿ ನೀವು ಮಾತನಾಡಬೇಕಾದವರು ಲಂಡನ್ನಿನಲ್ಲಿಲ್ಲ. ಹಂಪಿ ಪ್ರವಾಸ ಏರ್ಪಡಿಸುವ ಬೆಂಗಳೂರಿನ ಟ್ರಾವೆಲ್ ಕಂಪನಿಗಳಲ್ಲಿದ್ದಾರೆ. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಚಿತ್ರದುರ್ಗ ತಲುಪುವ ಹೊತ್ತಿಗೆ ಬಿಸಿಲೇರಿ ಬಂಡೆಗಳು ಕಾದಿರುತ್ತವೆ. ಹಿಂದಿನ ಸಂಜೆ ಬಂದು ಇಲ್ಲಿ ತಂಗಿ, ಬೆಳಿಗ್ಗೆ ಬೇಗ ಕೋಟೆ ಹತ್ತಿ, ಹತ್ತು ಗಂಟೆಗೆ ಹಂಪಿಯತ್ತ ಹೊರಡುವ ವೇಳಾಪಟ್ಟಿಯನ್ನು ಅವರಿಗೆ ಬರೆದುಕೊಡಿ. ಒಂದು ರಾತ್ರಿಯ ವಾಸ್ತವ್ಯ ಊರಿಗೆ ಉಳಿಯುತ್ತದೆ.

ಕೋಟೆಯಲ್ಲಿ ಏನನ್ನು ಹೇಳಬೇಕೆಂಬುದನ್ನೂ ಯೋಚಿಸಬೇಕು. ಒನಕೆ ಓಬವ್ವನ ಕಿಂಡಿಯ ಮುಂದೆ ಯಾವ ದೇಶದವರಾದರೂ ನಿಂತು ಕೇಳುತ್ತಾರೆ, ಅದು ಇರಲೇಬೇಕು. ಅದರ ಜೊತೆಗೆ ಗೋಪಾಲಸ್ವಾಮಿ ಹೊಂಡದಲ್ಲಿ ತುಂಬಿದ ಮಳೆನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ ಮತ್ತು ಸಂತೆಹೊಂಡದ ಕಡೆಗೆ ಇಳಿಯುವಂತೆ ಮಾಡಿದ ಏರ್ಪಾಟನ್ನು ನಡೆದು ತೋರಿಸುವ ಗೈಡುಗಳನ್ನು ತಯಾರು ಮಾಡಿ. ಮಳೆ ಕಡಿಮೆಯಿರುವ ಬಂಡೆಗುಡ್ಡದ ಮೇಲೆ ಒಂದು ಊರಿಗೇ ನೀರು ಒದಗಿಸಿದ ಆ ಬುದ್ಧಿವಂತಿಕೆ, ನೀರಿನ ಚಿಂತೆ ಎಲ್ಲ ದೇಶಗಳನ್ನೂ ಕಾಡುತ್ತಿರುವ ಈ ಕಾಲದಲ್ಲಿ ಯುದ್ಧದ ಕಥೆಗಳಷ್ಟೇ ಆಸಕ್ತಿ ಹುಟ್ಟಿಸುತ್ತದೆ.

ವ್ಯಾಪಾರಕ್ಕೆಂದು ಬಂದವರಿಗೆ ಚಂದ್ರವಳ್ಳಿಯನ್ನು ತಪ್ಪದೆ ತೋರಿಸಿ. ಅಲ್ಲಿಯ ಉತ್ಖನನಗಳಲ್ಲಿ ಸಾತವಾಹನರ ನಾಣ್ಯಗಳ ಜೊತೆಗೆ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಸುಮಾರು 2000 ವರ್ಷಗಳ ಹಿಂದೆಯೇ ಈ ಕಣಿವೆಗೂ ಮೆಡಿಟರೇನಿಯನ್ ತೀರಕ್ಕೂ ವ್ಯಾಪಾರದ ನಂಟಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಅಶೋಕನ ಶಾಸನಗಳು 1892ರಲ್ಲಿ ಬಿ.ಎಲ್. ರೈಸ್ ಅವರಿಂದ ಬೆಳಕಿಗೆ ಬಂದವು. ಶ್ರೀಲಂಕಾ, ಥಾಯ್ಲೆಂಡ್, ಜಪಾನ್‌ಗಳ ಬೌದ್ಧ ಯಾತ್ರಿಕರಿಗೆ ಇವುಗಳ ಬೆಲೆ ನಾವು ತಿಳಿದದ್ದಕ್ಕಿಂತ ಬಹಳ ಹೆಚ್ಚು. ಆದರೆ ಅಲ್ಲಿಗೆ ಕರೆದೊಯ್ಯುವ ಮುನ್ನ ದಾರಿ ಹೇಗಿದೆ, ಶೌಚಾಲಯ ಎಲ್ಲಿದೆ, ಶಾಸನದ ಕೊಠಡಿಯ ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ವಿಚಾರಿಸಿಕೊಳ್ಳಲೇಬೇಕು. ಭೂವಿಜ್ಞಾನದಲ್ಲಿ ಆಸಕ್ತಿಯಿರುವವರಿಗೆ ಮರಡಿಹಳ್ಳಿಯ ದಿಂಬುಲಾವಾ (ನೀರಿನಡಿ ಲಾವಾ ದಿಂಬಿನಾಕಾರದಲ್ಲಿ ಗಟ್ಟಿಯಾದ ಬಂಡೆ) ಇದೆ, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದಾವಣಗೆರೆ ಕಡೆ 1224ರ ಸುಮಾರಿಗೆ ಹೊಯ್ಸಳ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯ ಮತ್ತು ಸಂತೇಬೆನ್ನೂರಿನ ಪುಷ್ಕರಿಣಿ ಒಂದೇ ದಿನದಲ್ಲಿ ನೋಡಲು ಅನುಕೂಲ.

ಸ್ಮಾರಕದ ಪಕ್ಕದಲ್ಲಿ ರೆಸಾರ್ಟ್ ಕಟ್ಟುವ ಪ್ರಸ್ತಾಪ ಯಾರಾದರೂ ತಂದರೆ, ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂಬುದನ್ನು ಮೊದಲ ಮಾತಿನಲ್ಲಿಯೇ ತಿಳಿಸಬೇಕು.

ಒಂಬತ್ತನೇ ಹಂತ: ಅವರು ಹೋದ ಮೇಲೆ

ಭೇಟಿಯ ಮರುದಿನವೇ ಧನ್ಯವಾದದೊಂದಿಗೆ, ಬಾಕಿ ಉಳಿದ ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಿ. ಮಾದರಿ ಕಳಿಸುವಾಗ ಯಾವ ಲಾಟಿನಿಂದ ತೆಗೆದದ್ದೋ ಅದೇ ಲಾಟಿನಿಂದ ಒಂದು ಪೊಟ್ಟಣವನ್ನು ಸೀಲ್ ಮಾಡಿ ನಿಮ್ಮ ಬಳಿಯೂ ಇಟ್ಟುಕೊಳ್ಳಿ. ಮುಂದೆ ಗುಣಮಟ್ಟದ ತಕರಾರು ಬಂದರೆ ಅದೊಂದೇ ಆಧಾರ. ಮೊದಲ ವ್ಯವಹಾರದಲ್ಲಿ ಎಲ್‌ಸಿ, ಅಂದರೆ ಹಣ ಪಾವತಿಗೆ ಖರೀದಿದಾರರ ಬ್ಯಾಂಕು ಕೊಡುವ ಖಾತರಿಪತ್ರ ಇಲ್ಲದೆ ಮಾಲು ಹಡಗು ಹತ್ತಿಸಬೇಡಿ. ಸಾಲದ ಮೇಲೆ ಕೊಡಲೇಬೇಕಾದರೆ ಕೇಂದ್ರ ಸರ್ಕಾರದ ಇಸಿಜಿಸಿ ಸಂಸ್ಥೆಯಲ್ಲಿ ರಫ್ತು ಸಾಲದ ವಿಮೆ ಮಾಡಿಸಿ. ಬಂದರಿನಿಂದ ಆಚೆಗಿನ ಸಾಗಣೆ ಮತ್ತು ವಿಮೆಯ ಖರ್ಚು ಯಾರದ್ದು ಎಂಬುದು ಎಫ್‌ಒಬಿ (ಖರ್ಚು ಖರೀದಿದಾರರದ್ದು) ಅಥವಾ ಸಿಐಎಫ್ (ಖರ್ಚು ನಮ್ಮದು) ಎಂದು ಕರಾರಿನಲ್ಲಿ ಸ್ಪಷ್ಟವಾಗಿ ನಮೂದಾಗಿರಬೇಕು.

ಮೊದಲ ಕಂಟೇನರ್ ತಲುಪಿದ ಮೇಲೆ ಅಲ್ಲಿಯ ಪ್ರಯೋಗಾಲಯದ ವರದಿಯ ಪ್ರತಿಯನ್ನು ಖರೀದಿದಾರರಿಂದ ಕೇಳಿ ಪಡೆಯಿರಿ. ವರದಿ ಒಳ್ಳೆಯದಿರಲಿ ಕೆಟ್ಟದಿರಲಿ, ಆ ಲಾಟಿಗೆ ಕಾಯಿ ಕೊಟ್ಟ ರೈತರಿಗೂ ಸುಲಿದ ಮಿಲ್ಲಿನವರಿಗೂ ಅದನ್ನು ಕನ್ನಡದಲ್ಲಿ ಓದಿ ಹೇಳಬೇಕು. ಯಾವ ಹಳ್ಳಿಯ ಕಾಯಿ ಯಾವ ಲಾಟಿಗೆ ಸೇರಿತೆಂಬ ರಿಜಿಸ್ಟರ್ ಇಟ್ಟಿದ್ದರೆ ಮಾತ್ರ ಇದು ಸಾಧ್ಯ; ಆದ್ದರಿಂದ ಆ ರಿಜಿಸ್ಟರನ್ನು ಕೊಯ್ಲಿನ ಮೊದಲ ಚೀಲದಿಂದಲೇ ಆರಂಭಿಸಿ. ಮುಂಗಾರಿನ ಬಿತ್ತನೆಗೆ ರೈತರು ಬೀಜ ಹೊಂದಿಸಿಕೊಳ್ಳುವುದು ಮೇ ತಿಂಗಳಿನಲ್ಲಾದ್ದರಿಂದ, ವರದಿಯ ಸಭೆ ಅದಕ್ಕೂ ಮೊದಲೇ ಆಯಾ ಹಳ್ಳಿಯಲ್ಲಿಯೇ ನಡೆಯುವಂತೆ ದಿನ ಗೊತ್ತುಮಾಡಿಕೊಳ್ಳಿ.